ನಲ್ಲಿಗೆ ಮೂರು ದಿನ, ಬಾಗಿಲಿಗೆ ಒಂದು ಕ್ಷಣ

ತಪ್ಪು ನನ್ನದೇ, ಮೊದಲೇ ಹೇಳಿಬಿಡುತ್ತೇನೆ. ಬಚ್ಚಲುಮನೆಯ ನಕ್ಷೆಯಲ್ಲಿ ನಲ್ಲಿಯ ಹಿಡಿಯ ಮೇಲಿನ ಗೀರುಗಳನ್ನೂ ಬಿಡದೆ ಬರೆದು, ಬಾಗಿಲು ಎಷ್ಟು ಅಗಲವಿದೆ ಎಂದು ನೋಡದೇ ಹೋದ ಪೆದ್ದ ನಾನು.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಆರ್.ಟಿ. ನಗರದ ನಮ್ಮ ಆರ್ಕಿಟೆಕ್ಟ್ ಆಫೀಸಿಗೆ ಆಗಷ್ಟೇ ನಕ್ಷೆ ಬರೆಯುವ ಕಂಪ್ಯೂಟರ್ ಬಂದಿತ್ತು. ಅದಕ್ಕೊಂದು ಎ.ಸಿ. ಕೋಣೆ, ಹಣೆಗೆ ಕುಂಕುಮ. ಧೂಳು ತಾಗಬಾರದೆಂದು ನಮ್ಮ ಚಪ್ಪಲಿ, ಶೂ ಎಲ್ಲಾ ಹೊರಗೆ. ಕಿಟಕಿ ತೆಗೆಯುವಂತಿಲ್ಲ, ಒಳಗೆ ಕಾಲುಚೀಲಗಳ ವಾಸನೆ ತಣ್ಣಗೆ ಸುತ್ತುತ್ತಿತ್ತು. ಅದರಲ್ಲಿ ನನ್ನ ಕೊಡುಗೆಯೇ ಹೆಚ್ಚು.

ಯಲಹಂಕದ ಸೈಟಿನಲ್ಲಿ ಮನೆ ಕಟ್ಟಿಸಲು ಹೊರಟವರು ಗದಗಿನ ಕಡೆಯವರು, ಯಶವಂತಪುರದ ಕಾರ್ಖಾನೆಯೊಂದರಲ್ಲಿ ಕೆಲಸ. ಮೊದಲ ದಿನ ಅವರು ಕೇಳಿಕೊಂಡಿದ್ದು ಒಂದೇ.

“ನಮ್ಮವ್ವಗ ನಡಿಯಾಕ ಬರಂಗಿಲ್ರೀ. ಗಾಲಿ ಕುರ್ಚಿ ಸೀದಾ ಬಚ್ಚಲದಾಗ ಹೋಗ್ಬೇಕು. ದಿನಾ ನಾನು ಎತ್ಕೊಂಡು ಹೋಗೂದು ಅಂದ್ರ ಆಕಿಗೆ ನಾಚಿಕಿ.”

ನಮ್ಮ ಹಿರಿಯ ಡ್ರಾಫ್ಟ್ಸ್‌ಮನ್ ನನಗೆ ಎಚ್ಚರಿಕೆ ಕೊಟ್ಟಿದ್ದರು. “ಗೋಡೆ, ಬಾಗಿಲು, ಅಳತೆ ಹಾಕಿ ಕೊಡೋ ಮಗಾ, ಸಾಕು. ನಲ್ಲಿ ಹೆಂಗಿದೆ ಅಂತ ಮೇಸ್ತ್ರಿ ಕೇಳಿದ್ನಾ?”

ನಾನು ಥೇಟ್ ನಮ್ಮ ಆಫೀಸಿನ ಯಜಮಾನರ ಹಾಗೆ ಹೊಟ್ಟೆ ಮುಂದೂಡಿ, ಮೂಗಿನಲ್ಲಿ ಅಂದೆ: “ಚಿತ್ರ ನೋಡಿದ್ರೆ ಕೈ ತೊಳ್ಕೋಬೇಕು ಅನ್ನಿಸ್ಬೇಕು ಕಣ್ರೀ!”

ಯಜಮಾನರು ಹಿಂದೆಯೇ ನಿಂತಿದ್ದರು. ಅದು ತಮ್ಮದೇ ಅಣಕವೆಂದು ಅವರಿಗೆ ತಿಳಿಯಲೇ ಇಲ್ಲ. “ಕರೆಕ್ಟ್! ಹಂಗೇ ಬರಿ!” ಎಂದು ತಲೆದೂಗಿಬಿಟ್ಟರು. ನನ್ನ ಬಾಯಿಗೆ ನಾನೇ ಸಿಕ್ಕಿಬಿದ್ದೆ.

ಮೂರು ದಿನ ಕೂತು ಒಂದೊಂದೇ ಟೈಲ್ಸ್ ಬರೆದೆ. ಗೆರೆ ಹೆಚ್ಚಾದಷ್ಟೂ ಮಷೀನ್ ತೇಕತೊಡಗಿತು. ಪರದೆಯ ಮೇಲೆ ಬಚ್ಚಲು ಪೂರ್ತಿ ಮೂಡುವಷ್ಟರಲ್ಲಿ ಟೀ ಕುಡಿದು ಬರಬಹುದಿತ್ತು. ಬಾಗಿಲನ್ನು ಮಾತ್ರ ಯಾವುದೋ ಹಳೆಯ ಮನೆಯ ಫೈಲಿನಿಂದ ಎತ್ತಿ ಅಂಟಿಸಿದ್ದೆ.

ಮನೆ ಕಟ್ಟಿಸುವ ಗದಗಿನವರು ಬರಿಗಾಲಲ್ಲಿ ಒಳಬಂದು, ಹಾಳೆಯ ಮೇಲೆ ಸ್ಕೇಲಿಟ್ಟು ನೋಡಿದರು. “ಎರಡೂಕಾಲು ಅಡಿ ಬಾಗ್ಲಾ. ಕುರ್ಚಿನ ಎರಡೂವರಿ ಐತಲ್ರೀ?”

ನಾನು ಸ್ಕೇಲನ್ನೇ ತಿರುಗಿಸಿ ಮತ್ತೊಮ್ಮೆ ಅಳೆದೆ. ಯಜಮಾನರಿಗೆ ಆ ಕಷ್ಟ ಬೇಕಿರಲಿಲ್ಲ. “ಬಾಗಿಲು ಅಗಲ ಮಾಡಿದ್ರೆ ವಾಶ್‌ಬೇಸಿನ್ ಸರೀಬೇಕು, ಟೈಲ್ಸೆಲ್ಲಾ ಮತ್ತೆ ಬರೀಬೇಕು. ಇನ್ನೊಂದ್ ವಾರ ಹಿಡಿಯತ್ತೆ. ನೀವೇ ಸ್ವಲ್ಪ ಸಣ್ಣ ಕುರ್ಚಿ ನೋಡ್ಬಾರ್ದಾ?”

ಎಂಥ ಮಾತು! ಆ ಫಳಫಳ ನಲ್ಲಿಯ ಮೇಲೆ, ಯಜಮಾನರ ಮೇಲೆ, ಎಲ್ಲಕ್ಕಿಂತ ಹೆಚ್ಚು ನನ್ನ ಮೇಲೆಯೇ ಹೇಸಿಗೆ ಹುಟ್ಟಿತು. ಹಿರಿಯ ಡ್ರಾಫ್ಟ್ಸ್‌ಮನ್ ಅದೇ ಮಧ್ಯಾಹ್ನ ಪೆನ್ಸಿಲ್ ಹಿಡಿದು, ಮೂರಡಿ ಬಾಗಿಲಿಟ್ಟು, ಅರ್ಧ ದಿನದಲ್ಲಿ ಬೇರೆ ನಕ್ಷೆ ಬರೆದುಕೊಟ್ಟರು. ಯಜಮಾನರು ಒಂದೇ ನೋಟಕ್ಕೆ ಅದಕ್ಕೆ ಸಹಿ ಹಾಕಿದರು. ಏಕೆಂದರೆ ಅದಕ್ಕೂ ಮುಂಚೆ ಆ ಗದಗಿನವರು ನನ್ನ ಹಾಳೆಯನ್ನು ಸುರುಳಿ ಸುತ್ತಿ, ಮೇಜಿನ ಮೇಲಿಟ್ಟು, ದನಿಯೇರಿಸದೆ ಹೇಳಿದ್ದರು:

“ಸಣ್ಣ ಕುರ್ಚಿ ಸಿಗತೈತ್ರೀ ಸಾಹೇಬ್ರ. ಅದರಾಗ ಕುಂದರಸಾಕ ನಮ್ಮವ್ವನ್ನ ಎಲ್ಲೆಲ್ಲಿ ಕೆತ್ತೂದು, ಅಷ್ಟು ಈ ಮಷೀನ್‌ದಾಗ ಬರದು ಕೊಡ್ರಿ.”