ಖಂಡೇಪೂಜೆಗೆ ಇಟ್ಟ ರಬ್ಬರ್ ಪ್ಯಾಡು

ವೀರೇಶ, ಕೋರ್ಟಿನಲ್ಲಿ ನಾನು ಹೇಳಿದ್ದು ಸುಳ್ಳು. ಪೇಟೆಂಟಿಗೆ ಅರ್ಜಿ ಹಾಕುವ ಮೊದಲೇ ಆ ಪ್ಯಾಡನ್ನು ನೀನು ನೋಡಿದ್ದೆ — ನೀನೊಬ್ಬನೇ ಅಲ್ಲ, ನಮ್ಮ ಓಣಿಯೆಲ್ಲ ನೋಡಿತ್ತು. ತೋರಿಸಿದವನು ನಾನೇ.

ರೈಲು ಹಳಿಯ ಕೆಳಗೆ ಕೂತು ಕಂಪನ ಹೀರಿಕೊಳ್ಳುವ ರಬ್ಬರ್ ಪ್ಯಾಡು. ಎರಡು ಗಟ್ಟಿ ಪದರಗಳ ನಡುವೆ ಒಂದು ಮೆತ್ತನೆಯ ಪದರ. ಭಾಗ್ಯನಗರದ ನನ್ನ ಸಣ್ಣ ವರ್ಕ್‌ಶಾಪಿನಲ್ಲಿ ಅದು ಕೊನೆಗೂ ಬಿರುಕಿಲ್ಲದೆ ಅಚ್ಚಿನಿಂದ ಹೊರಬಂದದ್ದು ಮಹಾನವಮಿಯ ಹಿಂದಿನ ದಿನ. ಮೊದಲ ಮಾಲನ್ನು ಖಂಡೇಪೂಜೆಗೆ ಇಡದೆ ಹೊರಗೆ ಕಳಿಸುವುದುಂಟೆ? ಯಂತ್ರಗಳ ಮುಂದೆ ಮಣೆಯ ಮೇಲಿಟ್ಟೆ. ಗಂಗಾವತಿಯಿಂದ ನಿನ್ನನ್ನೂ ಕರೆಸಿದೆ — ಅಕ್ಕಿ ಗಿರಣಿಗಳಿಗೆ ರಬ್ಬರ್ ರೋಲರ್ ಮಾಡುವ ನಿನ್ನ ಮುಂದೆ ಜಂಬ ಕೊಚ್ಚಿಕೊಳ್ಳದಿದ್ದರೆ ನನಗೆ ಉಂಡದ್ದು ಅರಗುತ್ತಿತ್ತೇ? ಪೂಜೆಗೆ ನೆರೆದ ಓಣಿಯವರೆಲ್ಲರ ಎದುರಿಗೆ ಒಂದನ್ನು ಕೊಯ್ದು, ಒಳಗಿನ ಪದರ ತೋರಿಸಿ ಮೆರೆದೆ.

ಅರ್ಜಿ ಹಾಕಿದ್ದು ಆಮೇಲೆ. ಮೊದಲೇ ಜನರೆದುರು ಬಿಚ್ಚಿ ತೋರಿಸಿದ ವಸ್ತುವಿಗೆ ಪೇಟೆಂಟ್ ನಿಲ್ಲುವುದಿಲ್ಲ ಎಂದು ಆಗ ನನಗೆ ಗೊತ್ತಿರಲಿಲ್ಲ. ಗೊತ್ತಾಗುವಷ್ಟರಲ್ಲಿ ಪೇಟೆಂಟ್ ಕೈಗೆ ಬಂದಿತ್ತು. ಅಷ್ಟರಲ್ಲೇ ನೀನೂ ಅಂಥದೇ ಪ್ಯಾಡು ಮಾಡತೊಡಗಿದೆ, ನನ್ನ ಗಿರಾಕಿಗಳು ನಿನ್ನತ್ತ ತಿರುಗಿದರು, ನಾನು ಕೇಸು ಹಾಕಿದೆ. ಹೊಟ್ಟೆಕಿಚ್ಚು — ಮತ್ತೇನಲ್ಲ.

“ಪೂಜಿ ದಿನಾ ಇಂವಾ ಅದನ್ನ ಕೊಯ್ದು ತೋರ್ಸ್ಯಾನ್ರಿ. ಕುಂಕುಮ ನಾನ ಹಚ್ಚೀನ್ರಿ,” ಎಂದು ನೀನು ಕೋರ್ಟಿನಲ್ಲಿ ಹೇಳಿದೆ.

ನನ್ನ ಸರದಿ ಬಂತು. “ಅದು ಲಾರಿ ಇಂಜಿನ್ ಕೆಳಗ ಹಾಕೋ ರಬ್ಬರ್ ಇತ್ರಿ. ಈ ಪ್ಯಾಡ್ ಅಲ್ಲ.”

ಓಣಿಯವರು ಯಾರೂ ನಿನ್ನ ಪರ ಸಾಕ್ಷಿಗೆ ಬರಲಿಲ್ಲ. ಎಲ್ಲರ ಮನೆಯಿಂದಲೂ ಒಬ್ಬೊಬ್ಬರು ನನ್ನಲ್ಲಿ ಕೆಲಸಕ್ಕಿದ್ದರು. ನಾನು ಬೆದರಿಸಲಿಲ್ಲ — ಬೆದರಿಸಬೇಕಾದ ಅಗತ್ಯವೇ ಬೀಳಲಿಲ್ಲ. ತೀರ್ಪು ನನ್ನ ಪರವಾದ ಮೇಲೆ ಹೊರಗೆ ನೀನು ಒಂದೇ ಮಾತು ಅಂದೆ: “ದೇವ್ರ ಮುಂದ ಇಟ್ಟಿದ್ದನ್ನ ಇಲ್ಲ ಅಂದ್ಯಲ್ಲೋ ದೋಸ್ತ.”

ನಿನ್ನ ಅಚ್ಚುಗಳು ಗುಜರಿಗೆ ಹೋದವು. ಈಗ ನೀನು ಬೇರೆಯವರ ಗಿರಣಿಯಲ್ಲಿ ದುಡಿಯುತ್ತೀ.

ಗೆದ್ದವನ ಪಾಡನ್ನೂ ಕೇಳು. ಪ್ರತಿ ವರ್ಷ ಪೂಜೆಗೆ ಅದೇ ಜನ ಬರುತ್ತಾರೆ, ಪ್ರಸಾದ ತಗೊಳ್ಳುತ್ತಾರೆ, ಪ್ಯಾಡಿನತ್ತ ನೋಡಿ ತಲೆ ತಗ್ಗಿಸುತ್ತಾರೆ. ತಪ್ಪು ಮಾಡಿದ ಕೆಲಸಗಾರನನ್ನು ಬೈಯಲೂ ನನಗೆ ಅಂಜಿಕೆ. ಒಬ್ಬ ಬಾಯಿಬಿಟ್ಟರೆ ಮುಗಿಯಿತಲ್ಲ. ಮಾಲೀಕ ನಾನೇ, ಸೆರೆಯಾಳೂ ನಾನೇ. ಈ ಸ್ಥಿತಿ ನನಗೆ ಅಸಹ್ಯವಾಗಿದೆ.

ಈಗ ದೊಡ್ಡ ಕಂಪನಿಯೊಂದು ನನ್ನ ಪೇಟೆಂಟ್ ರದ್ದು ಮಾಡಿಸಲು ಹೊರಟಿದೆ. ಹಿಂದೆ ಹೇಳಿದ್ದನ್ನೇ ಇನ್ನೊಮ್ಮೆ ಪ್ರಮಾಣ ಮಾಡಿ ಹೇಳಿ ಎನ್ನುತ್ತಾರೆ ನನ್ನ ವಕೀಲರು. ಹೇಳದಿದ್ದರೆ ವರ್ಕ್‌ಶಾಪು ಉಳಿಯದು, ಓಣಿಯವರ ಕೆಲಸವೂ ಹೋಗುತ್ತದೆ. ಹೇಳಿದರೆ — ಇಲ್ಲ, ಇನ್ನೊಮ್ಮೆ ಆ ಮಾತು ನನ್ನ ಬಾಯಿಂದ ಬರದು.

ಈ ಸಲ ನಿಜ ಹೇಳುತ್ತೇನೆ, ವೀರೇಶ. ಇದನ್ನು ಒಳ್ಳೆಯತನ ಎಂದು ತಿಳಿಯಬೇಡ. ಪೇಟೆಂಟ್ ಬಿದ್ದ ಮೇಲೆ ಪ್ಯಾಡು ಮಾಡುವುದು ಆ ಕಂಪನಿ, ನೀನಲ್ಲ. ನಿನ್ನ ಹತ್ತಿರ ಈಗ ಅಚ್ಚೂ ಇಲ್ಲ, ಪ್ರೆಸ್ಸೂ ಇಲ್ಲ. ನಿನಗೆ ಬೇಕಾಗಿದ್ದಾಗ ಬಚ್ಚಿಟ್ಟ ಸತ್ಯವನ್ನು ನಾನೀಗ ಕೊಡುತ್ತಿರುವುದು, ನಿನ್ನ ಹೆಸರನ್ನೂ ಕೇಳಿರದ ಜನರಿಗೆ.