ಭಾವನ ಕೈಗುಣ

ನನ್ನ ಅಕ್ಕನ ಗಂಡನಿಗೆ ಒಂದು ಕನ್ನಡಕದ ಅಂಗಡಿಯಿದೆ. ಅಲ್ಲಿನ ಗಾಜಿನ ತೊಟ್ಟಿಯಲ್ಲಿ ಕಪ್ಪು ಮೀನೊಂದು ಆರು ವರ್ಷದಿಂದ ಬದುಕಿದೆ. ಈ ಮಹಾನುಭಾವ ನೀರು ಬದಲಿಸಿದ್ದನ್ನು ಕಂಡವರಿಲ್ಲ. ನೆನಪಾದ ದಿನ ಬಿಸ್ಕತ್ತಿನ ಪುಡಿ ಉದುರಿಸುತ್ತಾನೆ. ನೀರು ಎಷ್ಟು ಹಸಿರುಗಟ್ಟಿದೆಯೆಂದರೆ, ಅವನ ಅಂಗಡಿಯ ಯಾವ ಕನ್ನಡಕ ಹಾಕಿಕೊಂಡರೂ ಮೀನು ಕಾಣುವುದಿಲ್ಲ. ಆದರೂ ಬಂದ ಗಿರಾಕಿಗೆಲ್ಲ ಎದೆಯುಬ್ಬಿಸಿ ಹೇಳುತ್ತಾನೆ: "ಎಲ್ಲಾ ನನ್ನ ಕೈಗುಣ ಸ್ವಾಮಿ. ನಾನು ಸಾಕಿದ್ದು ಸಾಯಲ್ಲ."

ಕಳೆದ ವಾರ ಬಣ್ಣದ ಮೀನೆರಡನ್ನು ತಂದು ಅದೇ ಕೊಚ್ಚೆಗೆ ಬಿಟ್ಟ. ಮೂರನೇ ದಿನ ಎರಡೂ ಸತ್ತು ತೇಲಿದವು.

"ಅವಕ್ಕೆ ಗಟ್ಟಿತನ ಇಲ್ಲ, ನಾನೇನು ಮಾಡ್ಲಿ?" ಎಂದು ಮೂಗು ಮುರಿದ.

ಊಟದ ಡಬ್ಬಿ ತಂದಿದ್ದ ಅಕ್ಕ ತೊಟ್ಟಿಯನ್ನೇ ನೋಡುತ್ತ ಕೇಳಿದಳು: "ಹತ್ತೊಂಬತ್ತು ವರ್ಷದಿಂದ ನಾನೂ ನಿಮ್ಮನೇಲಿ ಸಾಯದೆ ಇದೀನಲ್ಲ, ಅದೂ ನಿಮ್ಮ ಕೈಗುಣಾನಾ?"