ಎರಡನೇ ಕೌಂಟರು ತೆರೆದಾಗ

ಬೆಳಿಗ್ಗೆ ಹನ್ನೊಂದು ನಲವತ್ತಕ್ಕೆ ಕೆಟ್ಟಿತು. ಠಾಣೆ ಪಟ್ಟಣದ ಹತ್ತಿರ, ಘಣಸೋಲಿಯ ಒಂದು ಪುಟ್ಟ ನರ್ಸಿಂಗ್ ಹೋಮಿನಲ್ಲಿ ಎರಡನೇ ಕೌಂಟರು ತೆರೆದ ಹೊತ್ತು ಅದು. ಕೆಟ್ಟದ್ದು ಅಲ್ಲಿ ರೋಗಿಗಳ ಹೆಸರು, ವಿವರ ಬರೆದುಕೊಳ್ಳುವ ವೆಬ್ ಅಪ್ಲಿಕೇಶನ್; ಮಾಡಿಕೊಟ್ಟವನು ನಾನು.

ವೆಬ್ಬಿಗೆ ಮರೆವು ಹುಟ್ಟುಗುಣ. ಒಂದು ಪುಟ ಕಳಿಸಿದ ಕೂಡಲೇ ನಿಮ್ಮನ್ನು ಮರೆಯುತ್ತದೆ. ಇನ್ನೊಂದು ಪುಟ ಕೇಳಿದರೆ 'ತಾವು ಯಾರು?' ಎನ್ನುವ ಮುಖ ಮಾಡುತ್ತದೆ. ಠಾಣೆಯ ನಮ್ಮ ಹೋಟೆಲುಗಳು ಈ ತೊಂದರೆಯನ್ನು ಎಂದೋ ಬಗೆಹರಿಸಿವೆ. ದೋಸೆ ಹಾಕುವವನು ನಿಮ್ಮ ಮುಖ ನೋಡುವುದಿಲ್ಲ, ಕೂಪನ್ ನೋಡುತ್ತಾನೆ. ಇಲ್ಲೂ ಹಾಗೆಯೇ: ಒಬ್ಬೊಬ್ಬರಿಗೂ ಒಂದು ಗುರುತಿನ ಚೀಟಿ ಕೊಟ್ಟು, ಅವರು ಹೇಳಿದ್ದನ್ನು ಆ ಚೀಟಿಯ ಹೆಸರಿನಲ್ಲಿ ಬರೆದಿಡಬೇಕು. ಇದನ್ನು ಕಾಲೇಜಿನಲ್ಲಿ ಓದಿ ಪಾಸೂ ಆಗಿದ್ದೆ. ಆದರೂ ಅವಸರಕ್ಕೆ 'ಈಗಿನ ರೋಗಿ' ಎಂಬ ಒಂದೇ ಡಬ್ಬಿ ಮಾಡಿ, ಎಲ್ಲರ ಉತ್ತರವನ್ನೂ ಅದರಲ್ಲೇ ಹಾಕಿದ್ದೆ. ನೆರೂಳಿನ ಮನೆಯಲ್ಲಿ ಒಬ್ಬನೇ ಕೂತು ಪರೀಕ್ಷಿಸಿದಾಗ ಸೊಗಸಾಗಿ ನಡೆದಿತ್ತು. ಒಬ್ಬನೇ ಇರುವಾಗ ಎಲ್ಲವೂ ಸೊಗಸು, ಮದುವೆಯಾದವರನ್ನು ಕೇಳಿ.

ಅಂದು ಕಾಲು ಬಾತು ಜ್ವರ ಬಂದಿದ್ದ ಭಾವನನ್ನು ಅಲ್ಲಿಗೇ ಸೇರಿಸಿದ್ದೆವು. ಅವರಿಗೆ ಪೆನಿಸಿಲಿನ್ ಆಗುವುದಿಲ್ಲ ಎಂದು ಅಕ್ಕ ಮೊದಲ ಕೌಂಟರಿನಲ್ಲಿ ಬರೆಸಿದಳು. ಅದೇ ಕ್ಷಣ ಹೊಸ ಕೌಂಟರಿನಲ್ಲಿ ಇನ್ಯಾರೋ ತಮಗೆ ಎಲ್ಲ ಔಷಧವೂ ಆಗುತ್ತದೆ ಎಂದರು. ಡಬ್ಬಿಯಲ್ಲಿ ಉಳಿದದ್ದು ಕೊನೆಯ ಉತ್ತರ. ಭಾವನ ಹೆಸರಿನ ಕೆಳಗೆ 'ಅಲರ್ಜಿ: ಇಲ್ಲ' ಎಂದು ಬಂತು.

ನರ್ಸ್ ಸಿರಿಂಜ್ ಹಿಡಿದು ಬಂದಳು. ಸ್ಪಿರಿಟ್ ಒರೆಸಿಯೂ ಆಯಿತು. ಅಕ್ಕ ಸುಮ್ಮನೆ ಮಾತಿಗೆಂಬಂತೆ, "ಕೌನ್‌ಸಾ ಇಂಜೆಕ್ಷನ್, ಸಿಸ್ಟರ್?" ಎಂದಳು.

"ಪೆನಿಸಿಲಿನ್."

ಅಕ್ಕ ಅವಳ ಕೈಯನ್ನೇ ಹಿಡಿದಳು. ನರ್ಸ್ ಗಾಬರಿಯಾಗಿ, "ಸ್ಕ್ರೀನ್‌ವರ್ ಕಾಹೀಚ್ ನಾಹೀ, ತಾಯಿ" ಎಂದಳು. ಹೌದು, ಸ್ಕ್ರೀನಿನ ಮೇಲೆ ಪೆನಿಸಿಲಿನ್ ಬೇಡವೆಂದು ಏನೂ ಇರಲಿಲ್ಲ.

"ಎಂತ ಮಾರಾಯ, ನಿನ್ನ ಮಷೀನಿಗೆ ನನ್ನ ನೆನಪೇ ಇಲ್ವಾ?" ಎಂದು ಭಾವ ಮಲಗಿದಲ್ಲೇ ನಕ್ಕರು. ಅವರೊಬ್ಬರೇ ನಕ್ಕದ್ದು.

ಡಾಕ್ಟರ ಬಳಿ ಹೋಗಿ ತಪ್ಪು ನನ್ನದೆಂದು ಹೇಳಿ, ಅಪ್ಲಿಕೇಶನ್ ನಿಲ್ಲಿಸಿದೆ. ನರ್ಸುಗಳು ಹಾಸಿಗೆ ಹಾಸಿಗೆಗೂ ಹೋಗಿ ಎಲ್ಲರನ್ನೂ ಮತ್ತೆ ಕೇಳಿ ಕಾಗದದಲ್ಲಿ ಬರೆದರು. ನಾಲ್ಕು ದಿನ ಕೂತು ಒಬ್ಬೊಬ್ಬರಿಗೂ ಬೇರೆ ಚೀಟಿ, ಬೇರೆ ಜಾಗ ಮಾಡಿದೆ. ಒಂದು ಲ್ಯಾಪ್‌ಟಾಪಿನಲ್ಲಿ ನಾನು, ಇನ್ನೊಂದರಲ್ಲಿ ಅಕ್ಕ ಕೂತು ಒಟ್ಟೊಟ್ಟಿಗೆ ಒತ್ತಿ ನೋಡಿದೆವು. ಏನೂ ಕಲಸಿಹೋಗಲಿಲ್ಲ. ಆದರೆ ರಾತ್ರಿ ನಿದ್ದೆಯಿಲ್ಲ; ಕಣ್ಣು ಮುಚ್ಚಿದರೆ ಆ ತೋಳು, ಆ ಸೂಜಿ. ಅಕ್ಕ ಆಗ ಚಹಾ ತರಲು ಹೋಗಿದ್ದರೆ? ಅವಳಿಗೆ ಹೋಗುವ ಮನಸ್ಸಿತ್ತಂತೆ. ಕ್ಯೂ ಉದ್ದವಿತ್ತೆಂದು ಬಿಟ್ಟಳಂತೆ.

ಹೊಸದನ್ನು ಹಾಕಿದ ಗುರುವಾರ ವಾರ್ಡಿನಲ್ಲಿ ನಿಂತು ನೋಡುತ್ತಿದ್ದೆ. ಅದೇ ನರ್ಸ್ ಸ್ಕ್ರೀನ್ ಓದಿದಳು. ಆಮೇಲೆ ಹಾಸಿಗೆಯಲ್ಲಿದ್ದ ಅಜ್ಜಿಯ ಬಳಿ ಬಾಗಿ, ಯಾವ ಔಷಧ ಆಗುವುದಿಲ್ಲ ಎಂದು ಕೇಳಿದಳು.

"ಸಿಸ್ಟರ್, ಅಬ್ ಬರಾಬರ್ ದಿಖಾತಾ ಹೈ" ಎಂದೆ, ಈಗ ಸರಿಯಾಗಿ ತೋರಿಸುತ್ತದಲ್ಲ ಎಂಬ ಸ್ವಲ್ಪ ಅಭಿಮಾನದಿಂದಲೇ.

"ದಿಖಾನೇ ದೋ" ಎಂದು, ತೋರಿಸಿದರೆ ತೋರಿಸಲಿ ಎಂಬಂತೆ, ಅವಳು ಮುಂದಿನ ಹಾಸಿಗೆಗೆ ಹೋಗಿ ಅಲ್ಲೂ ಕೇಳಿದಳು.

ನನ್ನ ಕೆಲಸವನ್ನು ಇಷ್ಟು ನಿಷ್ಠೆಯಿಂದ ನಂಬದವರನ್ನು ನಾನು ಕಂಡಿರಲಿಲ್ಲ. ಅಂದು ರಾತ್ರಿ ಹಾಸಿಗೆಗೆ ಬಿದ್ದವನಿಗೆ ಎಚ್ಚರವಾದಾಗ ಬೆಳಗಾಗಿತ್ತು.